ಎಲ್‌ಕೆಜಿ ಮಗುವಿಗೆ ದಿನಕ್ಕೆ ಎಷ್ಟು ಹೋಮ್‌ವರ್ಕ್ ಸರಿ? ಮೂರು ಪುಟ ಜಾಸ್ತಿ ಆಯ್ತಾ?

ಮೂರು ಪುಟ, ಒಂದೂವರೆ ಗಂಟೆ, ಕೊನೆಗೆ ಅಳು. ನಾಲ್ಕೂವರೆ ವರ್ಷದ ಮಗಳ ಬಗ್ಗೆ ನೀವು ಬರೆದದ್ದನ್ನು ಓದುತ್ತಿದ್ದ ಹಾಗೆ ನಮ್ಮ ಮನೆಯ ಪುಟ್ಟ ಮೇಜು ಕಣ್ಣ ಮುಂದೆ ಬಂತು. ಮೇಲೆ ನಾಲ್ಕು ಗೆರೆ ಪುಸ್ತಕ, ಮೊಂಡಾದ ಪೆನ್ಸಿಲ್, ಪಕ್ಕದಲ್ಲಿ ಒಂದು ರಬ್ಬರ್. ಆ ರಬ್ಬರಿನ ಬಗ್ಗೆ ಹೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನನ್ನ ಮಗನಿಗೆ ಈಗ 11 ವರ್ಷ. ಎಲ್‌ಕೆಜಿಯಲ್ಲಿದ್ದಾಗ ಅವನಿಗೂ ದಿನಾ ಎರಡು ಪುಟ ಅಕ್ಷರ, ಒಂದು ಪುಟ ಅಂಕಿ ಇರುತ್ತಿತ್ತು. ಬರೆಸುವ ಕೆಲಸವನ್ನು ನಾನೇ ಕೇಳಿ ವಹಿಸಿಕೊಂಡಿದ್ದೆ. ಕೆಲಸ ಮುಗಿಸಿ ಬಂದವನೇ ಅವನ ಪಕ್ಕ ಕೂರುತ್ತಿದ್ದೆ. ಮಗನ ಜೊತೆ ದಿನಕ್ಕೆ ಒಂದು ಗಂಟೆ ಸಿಗುತ್ತದಲ್ಲ ಅಂತ ಖುಷಿಯೇ ಇತ್ತು.

ಅವನು 3 ಬರೆದರೆ ಅದು ತಿರುಗಿಕೊಂಡಿರುತ್ತಿತ್ತು. ಹೊಟ್ಟೆ ಬಲಕ್ಕೆ ಇರುವ ಬದಲು ಎಡಕ್ಕೆ. 5 ಕೂಡ ಹಾಗೇ. ನಾನು ರಬ್ಬರ್ ತೆಗೆದುಕೊಂಡು ಅಳಿಸುತ್ತಿದ್ದೆ. "ಇನ್ನೊಂದ್ಸಲ ಬರಿ ಪುಟ್ಟಾ." ಬರೆಯುತ್ತಿದ್ದ. ಮತ್ತೆ ತಿರುಗಿರುತ್ತಿತ್ತು. ಮತ್ತೆ ಅಳಿಸುತ್ತಿದ್ದೆ. ನಾನು ಬೈದವನಲ್ಲ, ಕೈ ಎತ್ತುವ ಮಾತಂತೂ ದೂರ. ಅದಕ್ಕೇ ಇದರಲ್ಲಿ ತಪ್ಪೇನಾದರೂ ಇರಬಹುದು ಅಂತ ನನಗೆ ಹೊಳೆಯಲೇ ಇಲ್ಲ. ತಾಳ್ಮೆಯಿಂದ ಕಲಿಸುತ್ತಿದ್ದೇನೆ ಅಂದುಕೊಂಡಿದ್ದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಉದ್ದವಾದರೂ ಓದಿ.

ಒಂದು ಅಂಕಿ ಬರೆಯೋದು ನಮಗೆ ಲೆಕ್ಕಕ್ಕೇ ಇಲ್ಲದ ಕೆಲಸ. ಅವನಿಗೆ ಹಾಗಲ್ಲ. ನಾಲಿಗೆ ತುಟಿಯ ಅಂಚಿಗೆ ಬಂದಿರುತ್ತಿತ್ತು. ಎಡಗೈ ಪುಸ್ತಕವನ್ನು ಒತ್ತಿ ಹಿಡಿದಿರುತ್ತಿತ್ತು. ಬೆರಳ ತುದಿ ಬೆಳ್ಳಗಾಗುವಷ್ಟು ಬಿಗಿಯಾಗಿ ಪೆನ್ಸಿಲ್ ಹಿಡಿದು, ಉಸಿರು ಕಟ್ಟಿಕೊಂಡು ಆ ಒಂದು 3 ಬರೆಯುತ್ತಿದ್ದ. ಬರೆದಾದ ಮೇಲೆ ತಲೆ ಎತ್ತಿ ನನ್ನ ಮುಖ ನೋಡುತ್ತಿದ್ದ. ಸರಿಯಾಗಿ ಅದೇ ಹೊತ್ತಿಗೆ ನನ್ನ ಕೈ ರಬ್ಬರಿನ ಕಡೆ ಹೋಗುತ್ತಿತ್ತು. ಅವನು ನನ್ನ ಮುಖ ನೋಡುತ್ತಿದ್ದ, ನಾನು ಅವನ 3 ನೋಡುತ್ತಿದ್ದೆ.

ಹತ್ತು ಸಲ ಕಷ್ಟಪಟ್ಟು ಬರೆದರೂ ಪುಟದಲ್ಲಿ ಉಳಿಯುತ್ತಿದ್ದದ್ದು ಒಂದೇ. ಮಿಕ್ಕ ಒಂಬತ್ತೂ ರಬ್ಬರ್ ಪುಡಿಯಾಗಿ ಮೇಜಿನ ಮೇಲೆ ಬಿದ್ದಿರುತ್ತಿದ್ದವು. ಅದನ್ನೂ ನಾನೇ ಊದಿ ಕೆಳಗೆ ಬೀಳಿಸುತ್ತಿದ್ದೆ. ಒಂದು ಗಂಟೆ ದುಡಿದವನಿಗೆ ಕೊನೆಯಲ್ಲಿ ಕಾಣುತ್ತಿದ್ದದ್ದು ಅರ್ಧ ಪುಟ. ಬರೆದದ್ದನ್ನು ಹಾಗೇ ಬಿಟ್ಟಿದ್ದರೆ, ಮೇಲೆ ಅಚ್ಚಾಗಿರುವ 3 ನೋಡಿ, ತನ್ನದನ್ನೂ ನೋಡಿ, "ಇದು ಆ ಕಡೆ ತಿರುಗಿದೆ" ಅಂತ ಅವನೇ ಒಂದು ದಿನ ಹೇಳುತ್ತಿದ್ದನೇನೋ. ಹೋಲಿಸಿ ನೋಡಲು ಬೇಕಾದದ್ದನ್ನೇ ನಾನು ಅಳಿಸುತ್ತಿದ್ದೆ. ಇನ್ನೊಂದು ಸಣ್ಣ ವಿಷಯ. ಅಳಿಸಿದ ಜಾಗದಲ್ಲಿ ಕಾಗದ ನೂಲೆದ್ದ ಹಾಗೆ ಒರಟಾಗುತ್ತದೆ. ಅದರ ಮೇಲೆ ಪೆನ್ಸಿಲ್ ತಡೆಯುತ್ತದೆ, ಗೆರೆ ನಡುಗುತ್ತದೆ. ಹಾಗಾಗಿ ಎರಡನೇ ಸಲ ಬರೆದದ್ದು ಮೊದಲಿನದಕ್ಕಿಂತ ಕೆಟ್ಟದಾಗಿಯೇ ಬರುತ್ತಿತ್ತು. ಮೂರನೆಯದು ಇನ್ನೂ ಕೆಟ್ಟದಾಗಿ. ನಾನು ಅದನ್ನು ಸೋಮಾರಿತನ ಅಂದುಕೊಂಡೆ.

"ರೀ, ಸಾಕು ಬಿಡಿ, ಅವನಿಗೆ ನಿದ್ದೆ ಬರ್ತಿದೆ" ಅಂತ ನನ್ನ ಹೆಂಡತಿ ಎಷ್ಟೋ ಸಲ ಹೇಳಿದಳು. "ಇನ್ನೊಂದೇ ಸಾಲು" ಅನ್ನುತ್ತಿದ್ದೆ.

ಒಂದು ರಾತ್ರಿ ಅಳಿಸಿ ಅಳಿಸಿ ಕಾಗದ ತೂತಾಯಿತು. ಅವನು ಅಳಲಿಲ್ಲ. ಆ ತೂತಿನ ಮೇಲೆ ಬೆರಳಿಟ್ಟು ಮುಚ್ಚಿಕೊಂಡ. ತೂತು ಮಾಡಿದ್ದು ತಾನೇ ಅನ್ನುವ ಹಾಗೆ. "ಅಪ್ಪಾ, ನೀನೇ ಬರಿ. ನಂಗೆ ಬರಲ್ಲ" ಅಂದ.

ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಬಂದದ್ದು ಒಂದು ರಜೆಯ ದಿನ. ಅವನು ನೆಲದ ಮೇಲೆ ಮಲಗಿ ಸೂರ್ಯನ ಚಿತ್ರ ಬರೆಯುತ್ತಿದ್ದ. ಹೋಮ್‌ವರ್ಕ್ ಅಲ್ಲ, ಸುಮ್ನೆ. ಒಂದು ಕಿರಣ ಸ್ವಲ್ಪ ವಕ್ರವಾಯಿತು. ಎದ್ದು ಹೋದ, ರಬ್ಬರ್ ತಂದ, ಇಡೀ ಸೂರ್ಯನನ್ನು ಅಳಿಸಿದ. ಪುಡಿಯನ್ನು ನನ್ನ ಹಾಗೇ ಊದಿದ. ಆಮೇಲೆ ಆ ಹಾಳೆಯನ್ನು ಮಡಿಚಿಟ್ಟು ಬೇರೆ ಆಟಕ್ಕೆ ಹೋದ. ಹೆಚ್ಚು ಕಡಿಮೆ ಎರಡು ವರ್ಷ ಅವನು ತಾನಾಗಿ ಒಂದು ಚಿತ್ರವನ್ನೂ ಬರೆಯಲಿಲ್ಲ. ಯುಕೆಜಿಯಲ್ಲಿ ಸಂಜೆಯಾದರೆ ಹೊಟ್ಟೆನೋವು ಶುರುವಾಗುತ್ತಿತ್ತು. ಪೆನ್ಸಿಲ್ ಡಬ್ಬಿ ಬೀರುವಿನ ಹಿಂದೆ ಸಿಗುತ್ತಿತ್ತು.

ಇಷ್ಟೆಲ್ಲ ಆದ ಮೇಲೆ ನಾನು ಓದಲು ಶುರು ಮಾಡಿದೆ. ಮೊದಲೇ ಮಾಡಬೇಕಿತ್ತು. ಆರೇಳು ವರ್ಷದವರೆಗೆ ಮಕ್ಕಳು ಅಕ್ಷರ, ಅಂಕಿಗಳನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆಯುವುದು ತೀರಾ ಸಾಮಾನ್ಯ. ಕಾರಣವೂ ಚೆನ್ನಾಗಿದೆ. ಕಪ್ಪಿನ ಹಿಡಿ ಎಡಕ್ಕಿದ್ದರೂ ಬಲಕ್ಕಿದ್ದರೂ ಅದು ಕಪ್ಪೇ. ನಾಯಿ ಯಾವ ಕಡೆ ಮುಖ ಮಾಡಿದ್ದರೂ ನಾಯಿಯೇ. ಹುಟ್ಟಿದಾಗಿನಿಂದ ಮಗುವಿನ ಮೆದುಳು ಕಲಿತದ್ದು ಇದನ್ನೇ. ಈಗ ಇದ್ದಕ್ಕಿದ್ದ ಹಾಗೆ, ಈ ಗೆರೆ ಈ ಕಡೆ ನೋಡಿದರೆ ಮಾತ್ರ 3, ಆ ಕಡೆ ನೋಡಿದರೆ ತಪ್ಪು ಅಂದರೆ ಅದು ಹೊಸ ಪಾಠ. ಅದಕ್ಕೆ ಸಮಯ ಬೇಕು. ಕೈಯೂ ಅಷ್ಟೇ. ಮಣಿಕಟ್ಟಿನಲ್ಲಿರುವ 8 ಪುಟ್ಟ ಮೂಳೆಗಳಲ್ಲಿ ಕೆಲವು ಆ ವಯಸ್ಸಿನಲ್ಲಿ ಇನ್ನೂ ಗಟ್ಟಿ ಮೂಳೆಯಾಗಿರುವುದಿಲ್ಲ. ನೋಡಿಕೊಂಡು ಬರೆಯುವುದರಲ್ಲೂ ಒಂದು ಕ್ರಮವಿದೆ. ಸುಮಾರು 3 ವರ್ಷಕ್ಕೆ ವೃತ್ತ, 4ಕ್ಕೆ ಕೂಡಿಸುವ ಗುರುತು, 5ರ ಹೊತ್ತಿಗೆ ತ್ರಿಕೋನ. ಓರೆ ಗೆರೆಗಳು ಎಲ್ಲಕ್ಕಿಂತ ಕೊನೆಗೆ. ನಮ್ಮ ಅಕ್ಷರಗಳ ಕೊಂಬು, ಸುರುಳಿ, ಒತ್ತುಗಳನ್ನು ನೆನಪಿಸಿಕೊಳ್ಳಿ. ನಾಲ್ಕೂವರೆ ವರ್ಷದ ಕೈಗೆ ಅದು ಎಷ್ಟು ದೊಡ್ಡ ಕೆಲಸ ಅಲ್ವಾ?

ನನ್ನ ಮಗನ 3 ಸರಿಯಾದದ್ದು ನಾನು ಅಳಿಸುವುದನ್ನು ಬಿಟ್ಟು ವರ್ಷದ ಮೇಲೆ. ತಾನಾಗೇ.

ಈಗ ನಿಮ್ಮ ಪ್ರಶ್ನೆ. ಎಷ್ಟು ನಿಮಿಷ ಸರಿ, ಮೂರು ಪುಟ ಜಾಸ್ತಿ ಆಯ್ತಾ, ಒಂದು ಪುಟ ಆದರೆ ಪರವಾಗಿಲ್ವಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಈ ಪ್ರಶ್ನೆಯೇ ತಪ್ಪು. ಈ ವಯಸ್ಸಿಗೆ ಬರವಣಿಗೆಯ ಹೋಮ್‌ವರ್ಕ್ ಬೇಡವೇ ಬೇಡ. ಅರ್ಧ ಪುಟವೂ ಬೇಡ. ಅಮೆರಿಕದಲ್ಲಿ 10 ನಿಮಿಷದ ಲೆಕ್ಕ ಅಂತ ಒಂದಿದೆ. ಒಂದನೇ ಕ್ಲಾಸಿಗೆ 10 ನಿಮಿಷ, ಎರಡನೇ ಕ್ಲಾಸಿಗೆ 20, ಹೀಗೆ. ಅಲ್ಲಿನ ಶಿಕ್ಷಕರ ಸಂಘವೂ ಪೋಷಕ-ಶಿಕ್ಷಕರ ಸಂಘವೂ ಒಪ್ಪಿರುವ ಲೆಕ್ಕ ಅದು. ಅದು ಶುರುವಾಗುವುದೇ ಒಂದನೇ ಕ್ಲಾಸಿನಿಂದ. ಅದಕ್ಕಿಂತ ಮೊದಲು ಸೊನ್ನೆ. ಆದರೂ ಅಲ್ಲಿನ ರೋಡ್ ಐಲ್ಯಾಂಡ್‌ನಲ್ಲಿ ಸಾವಿರಕ್ಕೂ ಹೆಚ್ಚು ಪೋಷಕರನ್ನು ಕೇಳಿ ಮಾಡಿದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಿಂಡರ್‌ಗಾರ್ಟನ್ ಮಕ್ಕಳು ದಿನಕ್ಕೆ ಸರಾಸರಿ 25 ನಿಮಿಷ ಹೋಮ್‌ವರ್ಕ್ ಮಾಡುತ್ತಿದ್ದರು. ಹಾಗಾಗಿ ಇದು ನಿಮ್ಮ ಶಾಲೆಯ ಕಥೆ ಮಾತ್ರ ಅಲ್ಲ.

"ಬರೆಸದಿದ್ದರೆ ಮಗು ಹಿಂದೆ ಬೀಳುತ್ತದೆ" ಅನ್ನುವ ಭಯ ನನಗೂ ಇತ್ತು. ಡ್ಯೂಕ್ ವಿಶ್ವವಿದ್ಯಾಲಯದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 1987ರಿಂದ 2003ರವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2006ರಲ್ಲಿ ಬರೆದರು. ಹೋಮ್‌ವರ್ಕಿಗೂ ಕಲಿಕೆಗೂ ಇರುವ ನಂಟು 7ನೇ ಕ್ಲಾಸಿನಿಂದ ಮೇಲಿನವರಲ್ಲಿ ಹೆಚ್ಚು, ಚಿಕ್ಕ ಕ್ಲಾಸುಗಳಲ್ಲಿ ಕಡಿಮೆ ಅಂತ. ಕೂಪರ್ ಹೋಮ್‌ವರ್ಕಿನ ವಿರೋಧಿಯೇನಲ್ಲ. ಅಂಥವರೇ ಚಿಕ್ಕ ಮಕ್ಕಳ ವಿಷಯದಲ್ಲಿ ಹೀಗೆ ಹೇಳಿರುವಾಗ, ಇನ್ನೂ ಒಂದನೇ ಕ್ಲಾಸಿಗೂ ಬರದ ಮಗುವನ್ನು ರಾತ್ರಿ ಒಂಬತ್ತರವರೆಗೆ ಯಾಕೆ ಕೂರಿಸಬೇಕು? ಕಿಂಡರ್‌ಗಾರ್ಟನ್ ಅಂದರೆ ಜರ್ಮನ್ ಭಾಷೆಯಲ್ಲಿ ಮಕ್ಕಳ ತೋಟ. ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ಅದನ್ನು ಶುರು ಮಾಡಿದಾಗ ಅವರ ಕೈಗೆ ಕೊಟ್ಟದ್ದು ಉಣ್ಣೆಯ ಚೆಂಡು, ಮರದ ಗೋಲ, ಮರದ ತುಂಡುಗಳನ್ನು. ಕಾಪಿ ಪುಸ್ತಕವನ್ನಲ್ಲ.

ನಾನು ಕೊನೆಗೆ ಮಗನ ಮಿಸ್ಸನ್ನು ಭೇಟಿಯಾದೆ. ಜಗಳಕ್ಕೆ ತಯಾರಾಗಿ ಹೋಗಿದ್ದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡು, "ಸರ್, ನಮಗೂ ಇಷ್ಟವಿಲ್ಲ. ಒಂದು ವಾರ ಕೊಡದಿದ್ದರೆ ಸಾಕು, ಏನೂ ಕಲಿಸ್ತಿಲ್ಲ ಅಂತ ಪೋಷಕರೇ ಬಂದು ಕೇಳ್ತಾರೆ" ಅಂದರು. ನನಗೆ ಮಾತು ಹೊರಡಲಿಲ್ಲ. ಹಿಂದಿನ ವರ್ಷ ಹಾಗೆ ಕೇಳಿದವರಲ್ಲಿ ನಾನೂ ಒಬ್ಬ.

ಅದಕ್ಕೇ ಶಾಲೆ ಬದಲಾಯಿಸಬೇಕಾ ಅನ್ನುವ ಮಾತು ಆಮೇಲೆ. ಮೊದಲು ಮಿಸ್ ಜೊತೆ ಮಾತಾಡಿ. ಡೈರಿಯಲ್ಲಿ ನೇರವಾಗಿ ಬರೆಯಿರಿ: "10 ನಿಮಿಷ ಬರೆದಳು, ಸುಸ್ತಾಯಿತು, ನಾನೇ ನಿಲ್ಲಿಸಿದೆ." ಕೆಳಗೆ ಸಹಿ ಹಾಕಿ. ತಪ್ಪು ನಿಮ್ಮ ಹೆಸರಿನಲ್ಲಿರಲಿ, ಅವಳ ಹೆಸರಿನಲ್ಲಿ ಬೇಡ. ನೀವೇ ಅವಳ ಕೈ ಹಿಡಿದು ಬರೆಸಿ ಪುಟ ತುಂಬಿಸಬೇಡಿ. ತುಂಬಿದ ಪುಟ ನೋಡಿದರೆ ಮಗುವಿಗೆ ಇದು ಸುಲಭ ಅಂತಲೇ ಮಿಸ್ ಅಂದುಕೊಳ್ಳುತ್ತಾರೆ. ಹೋಮ್‌ವರ್ಕ್ ಮುಗಿಸಿಲ್ಲ ಅಂತ ಮಗುವನ್ನು ಎಲ್ಲರೆದುರು ನಿಲ್ಲಿಸುವ ಶಾಲೆಯಾದರೆ ಮಾತ್ರ ಹಿಂದೆ ಮುಂದೆ ನೋಡದೆ ಬಿಡಿಸಿ.

ಉಳಿದ ಸಮಯದಲ್ಲಿ ಏನು ಮಾಡಿಸಲಿ ಅಂತ ಕೇಳಿದ್ದೀರಿ. ಕಥೆ ಓದಿ ಹೇಳಿ. ಹಿಟ್ಟು, ಮಣ್ಣು ನಾದಲು ಬಿಡಿ, ಗುಂಡಿ ಹಾಕಲು ಬಿಡಿ, ಕತ್ತರಿ ಹಿಡಿಯಲಿ. ಬೆರಳಿಗೆ ಬಲ ಬರುವುದು ಇದರಿಂದಲೇ. ನಮ್ಮಲ್ಲಿ ಮಗನನ್ನು ಮತ್ತೆ ಬರವಣಿಗೆಗೆ ತಂದದ್ದು ನೀರು. ಹೊರಗಿನ ಗೋಡೆಗೆ ಒಂದು ಮಗ್ ನೀರು, ಒಂದು ಹಳೇ ಬಣ್ಣದ ಬ್ರಷ್ ಕೊಟ್ಟೆ. ಮೊದಲ ದಿನ ಸುಮ್ನೆ ಗೆರೆ ಎಳೆದ. ಬಿಸಿಲಿಗೆ ಅದು ಒಣಗಿ ಮಾಯವಾಯಿತು. ತಿರುಗಿ ನನ್ನನ್ನು ನೋಡಿದ. ನಾನು ಏನೂ ಮಾಡಿರಲಿಲ್ಲ, ಕೈಕಟ್ಟಿ ನಿಂತಿದ್ದೆ. ಮತ್ತೆ ಎಳೆದ. ಅದೂ ಹೋಯಿತು. ನಗಲು ಶುರು ಮಾಡಿದ. ಅಲ್ಲಿ ಯಾರೂ ಅಳಿಸಬೇಕಾಗಿರಲಿಲ್ಲ. ಎರಡು ವಾರ ಕಳೆದ ಮೇಲೆ ಅದೇ ಗೋಡೆಯ ಮೇಲೆ ತನ್ನಷ್ಟೇ ಎತ್ತರದ ಒಂದು 3 ಬರೆದು ನನ್ನನ್ನು ಕರೆದ. ಅದು ತಿರುಗಿಯೇ ಇತ್ತು. "ಎಷ್ಟು ದೊಡ್ಡದು ಬರೆದಿದ್ದೀಯಾ!" ಅಂದೆ. ಒಣಗುವವರೆಗೂ ಇಬ್ಬರೂ ನಿಂತು ನೋಡಿದೆವು.

ಎಲ್ಲ ಸರಿಹೋಯಿತು ಅಂತ ಹೇಳಲು ನನಗೂ ಆಸೆ. ಓದುತ್ತಾನೆ, ಲೆಕ್ಕ ಚೆನ್ನಾಗಿ ಮಾಡುತ್ತಾನೆ. ಆದರೆ ಕಳೆದ ತಿಂಗಳು ಅವನ ಈಗಿನ ಮಿಸ್ ನೋಟ್‌ಬುಕ್ ತೋರಿಸಿ, "ಇವನ ಬರಹ ತುಂಬಾ ತೆಳು, ಕಾಣಿಸೋದೇ ಇಲ್ಲ, ಸ್ವಲ್ಪ ಒತ್ತಿ ಬರೆಯೋಕೆ ಹೇಳಿ" ಅಂದರು. ಮನೆಗೆ ಬಂದು ಯಾಕೋ ಅಂತ ಕೇಳಿದೆ. "ಒತ್ತಿದ್ರೆ ಅಳಿಸೋಕೆ ಕಷ್ಟ ಆಗುತ್ತಲ್ಲಪ್ಪಾ" ಅಂದ.

ನಿಮ್ಮ ಮಗಳಿಗೆ ಇನ್ನೂ ನಾಲ್ಕೂವರೆ. ಪುಟಗಳ ವಿಷಯ ಮಿಸ್ ಜೊತೆ ನಿಧಾನವಾಗಿ ಮಾತಾಡಿಕೊಳ್ಳಿ. ರಬ್ಬರನ್ನು ಮಾತ್ರ ಇವತ್ತೇ ತೆಗೆದಿಡಿ.