ಚಿತ್ರ ಟೀಕಿಸಿದ್ದಕ್ಕೆ ಬೆದರಿಕೆ

ಪ್ರಶ್ನೆ: ಸೂಪರ್‌ಹೀರೊ ಕಾಮಿಕ್ಸ್‌ನಲ್ಲಿ ಹೆಣ್ಣು ಪಾತ್ರಗಳನ್ನು ಬಿಡಿಸುವ ರೀತಿಯನ್ನು ಟೀಕಿಸಿ ಬರೆದೆ. ಈಗ ಅತ್ಯಾಚಾರದ ಬೆದರಿಕೆಗಳು ಬರುತ್ತಿವೆ. ನಾನು ಬರೆದದ್ದು ಅತಿಯಾಯಿತೇ? ಏನು ಮಾಡಲಿ?

ಉತ್ತರ: ಖಂಡಿತ ಅತಿಯಾಗಿಲ್ಲ. 2014ರಲ್ಲಿ ಅಮೆರಿಕದ ಜನೆಲ್ ಆಸಲಿನ್ ‘ಟೀನ್ ಟೈಟನ್ಸ್’ ಎಂಬ ಸೂಪರ್‌ಹೀರೊ ಕಾಮಿಕ್ಸ್‌ನ ಮುಖಪುಟದ ಹದಿಹರೆಯದ ಹುಡುಗಿಯ ಎದೆಯ ಚಿತ್ರಣವನ್ನು ಪ್ರಶ್ನಿಸಿದಾಗಲೂ ಇಂಥವೇ ಬೆದರಿಕೆಗಳು ಬಂದವು. ಅವರು ಕಾಮಿಕ್ಸ್ ಸಂಪಾದಕಿಯಾಗಿದ್ದವರು. ವಿಷಯ ಗೊತ್ತಿಲ್ಲದೆ ಮಾತಾಡಿದವರಲ್ಲ.

ನಿಮ್ಮ ಟೀಕೆಗೆ ಬಲ ಬರಬೇಕಾದರೆ ಚಿತ್ರದಲ್ಲಿರುವ ಹೆಣ್ಣಿನ ಬೆನ್ನುಮೂಳೆ ನೋಡಿ. ಎದೆ, ಪೃಷ್ಠ ಎರಡೂ ಪೂರ್ತಿಯಾಗಿ ಓದುಗರತ್ತಲೇ ತಿರುಗಿದ್ದರೆ ಆ ಭಂಗಿಯಲ್ಲಿ ಯಾರೂ ನಿಲ್ಲಲಾರರು, ಹೊಡೆದಾಡುವುದು ದೂರದ ಮಾತು. ಅದೇ ಭಂಗಿಯಲ್ಲಿ ಗಂಡು ಪಾತ್ರವನ್ನು ಬಿಡಿಸಿ ಪಕ್ಕದಲ್ಲಿಡಿ. 2012ರ ‘ಹಾಕ್‌ಐ ಇನಿಶಿಯೇಟಿವ್’ ಎಂಬ ಆನ್‌ಲೈನ್ ಅಭಿಯಾನ ಹಾಕ್‌ಐ ಎಂಬ ಗಂಡು ಸೂಪರ್‌ಹೀರೊನನ್ನು ಬಿಡಿಸಿ ಮಾಡಿದ್ದು ಇದನ್ನೇ.

ಬೆದರಿಕೆಗೆ ಉತ್ತರಿಸಬೇಡಿ, ಅಳಿಸಲೂಬೇಡಿ. ಖಾತೆಯ ಹೆಸರು, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಲಿಂಕ್ ಪ್ರತ್ಯೇಕವಾಗಿ ಬರೆದಿಡಿ. ರಿಪೋರ್ಟ್, ಬ್ಲಾಕ್ ಎಲ್ಲ ಆಮೇಲೆ. ಮೊದಲೇ ರಿಪೋರ್ಟ್ ಮಾಡಿದರೆ ಪೋಸ್ಟ್ ತೆಗೆದುಹಾಕಬಹುದು, ಆಗ ಪೊಲೀಸರಿಗೆ ತೋರಿಸಲು ಏನೂ ಉಳಿಯುವುದಿಲ್ಲ. ಮೊದಲು ಇಮೇಲ್‌ಗೆ, ನಂತರ ಉಳಿದ ಖಾತೆಗಳಿಗೆ ಎರಡು ಹಂತದ ಲಾಗಿನ್ ಹಾಕಿ. ಮನೆ ವಿಳಾಸ ಅಥವಾ ಕೆಲಸದ ಜಾಗದ ಪ್ರಸ್ತಾಪ ಬಂದರೆ ಅಂದೇ ದೂರು ಕೊಡಿ. ಸಂದೇಶಗಳನ್ನು ಓದುವ ಕೆಲಸವನ್ನು ನಂಬಿಕಸ್ಥ ಗೆಳತಿಗೆ ವಹಿಸಿ. ಎಲ್ಲವನ್ನೂ ನೀವೇ ಓದಬೇಕಿಲ್ಲ.