‘ಕನಸಿನಂಥ’ ಅನ್ನುವುದನ್ನು ಮೊದಲು ಹೊಡೆದುಹಾಕಿ

ನಮಸ್ಕಾರ,

ಸ್ಕಾಟ್ಲೆಂಡಿನ ಕಾಕ್ಟೋ ಟ್ವಿನ್ಸ್ ಬ್ಯಾಂಡ್ ಬಗ್ಗೆ ನೀವು ಕಳಿಸಿದ ‘ಮಂಜಿನೊಳಗಿನ ಸಂಗೀತ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲಾರೆ. ವಿಷಾದ ಪತ್ರ ಬರೆದು ಕೈತೊಳೆದುಕೊಳ್ಳಲೂ ಮನಸ್ಸು ಬರಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ದೂರು. ‘ಕನಸಿನಂಥ’ ಹನ್ನೊಂದು ಸಲ ಬಂದಿದೆ, ‘ಅಲೌಕಿಕ’ ಆರು ಸಲ. ಡ್ರೀಮ್ ಪಾಪ್ ಎಂದೇ ಹೆಸರಾದ ಸಂಗೀತವನ್ನು ಕನಸಿನಂತಿದೆ ಅನ್ನುವುದು ಮೆಣಸಿನಪುಡಿ ಖಾರವಾಗಿದೆ ಅಂದ ಹಾಗೆ. ಆ ಮಂಜನ್ನು ಎಬ್ಬಿಸಿದವರು ಯಾರು, ಯಾವುದರಿಂದ ಎಬ್ಬಿಸಿದರು, ಅದನ್ನು ಹೇಳಿ. ಬ್ಯಾಂಡಿನ ಗಿಟಾರಿಸ್ಟ್ ರಾಬಿನ್ ಗಥ್ರಿ ಗಿಟಾರಿನ ನಾದವನ್ನು ಕೋರಸ್, ಫ್ಲ್ಯಾಂಜರ್, ಡಿಲೇ ಎಂಬ ನಾದ ಬದಲಿಸುವ ಎಫೆಕ್ಟುಗಳಲ್ಲಿ ಹಾಯಿಸುತ್ತಿದ್ದ. ಅದರ ಮೇಲೆ ಇನ್ನೊಂದು ಪದರ, ಅದರ ಮೇಲೆ ಮತ್ತೊಂದು. ತಂತಿಗೆ ಬಿದ್ದ ಪೆಟ್ಟು ಅಡಗಿಹೋಗಿ ಅದರ ಬಾಲವಷ್ಟೇ ಕಿವಿಗೆ ಉಳಿಯುತ್ತಿತ್ತು. ಇಷ್ಟು ಹೇಳಿದ ಮೇಲೆ ‘ಅಲೌಕಿಕ’ಕ್ಕೆ ಅಲ್ಲಿ ಕೆಲಸವಿಲ್ಲ.

ಎರಡನೆಯದು ಇದಕ್ಕಿಂತ ದೊಡ್ಡ ತಕರಾರು. 1982ರ ‘ಗಾರ್ಲ್ಯಾಂಡ್ಸ್’ನಿಂದ 1996ರ ‘ಮಿಲ್ಕ್ ಅಂಡ್ ಕಿಸಸ್’ವರೆಗೆ ಇವರ ಸಂಗೀತ ಮೊಗ್ಗು ಹೂವಾದಂತೆ ಅರಳಿತು ಎಂದಿದ್ದೀರಿ. ಆಲ್ಬಮ್‌ಗಳನ್ನು ಒಂದರ ಹಿಂದೊಂದು ಹಾಕಿ ಕೇಳಿದಿರಾ? ನನಗೆ ಅಲ್ಲಿ ಹೂವು ಕಾಣಿಸಲಿಲ್ಲ, ಖಾಲಿ ಕುರ್ಚಿ ಕಾಣಿಸಿತು. ಒಬ್ಬರು ಎದ್ದುಹೋದಾಗಲೆಲ್ಲ ಈ ಬ್ಯಾಂಡಿನ ನಾದ ಬದಲಾಗಿದೆ.

ನೋಡಿ, ಡ್ರಮ್ಮರ್ ಮೊದಲಿನಿಂದಲೂ ಇಲ್ಲ. ಆಗ ತೈಲ ಶುದ್ಧೀಕರಣದ ಊರಾಗಿದ್ದ ಗ್ರೇಂಜ್‌ಮೌತ್‌ನಿಂದ ಬಂದ ಮೂವರು, ಗಥ್ರಿ, ಗಾಯಕಿ ಎಲಿಜಬೆತ್ ಫ್ರೇಜರ್, ಬಾಸ್ ಗಿಟಾರು ನುಡಿಸುವ ವಿಲ್ ಹೆಗ್ಗಿ, ತಾಳ ಹಾಕುವ ಯಂತ್ರವಾದ ಡ್ರಮ್ ಮಷೀನ್ ಇಟ್ಟುಕೊಂಡೇ ಶುರುಮಾಡಿದ್ದು. ‘ಗಾರ್ಲ್ಯಾಂಡ್ಸ್’ ಅಷ್ಟು ಒಣಗಿ, ಬಿಗಿದುಕೊಂಡು ಕೇಳಿಸುವುದಕ್ಕೆ ಅದೂ ಒಂದು ಕಾರಣ. 1983ರಲ್ಲಿ ಹೆಗ್ಗಿ ಬಿಟ್ಟುಹೋದ. ಉಳಿದ ಇಬ್ಬರೇ ಆ ವರ್ಷ ‘ಹೆಡ್ ಓವರ್ ಹೀಲ್ಸ್’ ಮಾಡಿದರು. ಆ ಖಾಲಿ ಜಾಗವನ್ನು ಪ್ರತಿಧ್ವನಿಯಿಂದ ತುಂಬಿದರು, ಗಿಟಾರು ಗೋಡೆಯ ಹಾಗೆ ಎದ್ದು ನಿಂತಿತು. ನೀವು ‘ಮಂಜು’ ಅನ್ನುತ್ತಿರುವುದು ನಿಜವಾಗಿ ಹುಟ್ಟಿದ್ದು ಇಲ್ಲಿ, ಒಬ್ಬ ಬಾಸಿಸ್ಟ್ ಇಲ್ಲದ ತೊಂದರೆಯಿಂದ. ಇದು ನಿಮ್ಮ ಲೇಖನದಲ್ಲಿ ಅರ್ಧ ಸಾಲೂ ಇಲ್ಲ.

ಆಮೇಲೆ ಹೊಸ ಬಾಸಿಸ್ಟ್ ಸೈಮನ್ ರೇಮಂಡ್ ಬಂದ, 1984ರಲ್ಲಿ ‘ಟ್ರೆಷರ್’ ಬಂತು. ನೀವು ಅದನ್ನು ಶಿಖರ ಎಂದಿದ್ದೀರಿ. ಇರಲಿ, ಬಹಳ ಜನ ಹಾಗೇ ಅನ್ನುತ್ತಾರೆ. ಆದರೆ ಗಥ್ರಿಗೇ ಆ ಆಲ್ಬಮ್ ಕಂಡರೆ ಆಗುತ್ತಿರಲಿಲ್ಲ, ಅದನ್ನು ಅವನು ಬಾಯಿಬಿಟ್ಟು ಹೇಳಿದ್ದಾನೆ. ಶಿಖರ ಅನ್ನುವವರು ಇದನ್ನೂ ಪಕ್ಕದಲ್ಲಿ ಇಟ್ಟು ವಾದ ಮಾಡಬೇಕು.

1986ರ ‘ವಿಕ್ಟೋರಿಯಾಲ್ಯಾಂಡ್’ಗೆ ನೀವು ಕೊಟ್ಟಿರುವುದು ಮೂರೇ ಸಾಲು. ನಾನಾದರೆ ಇಡೀ ಲೇಖನವನ್ನು ಇದರ ಮೇಲೇ ನಿಲ್ಲಿಸುತ್ತಿದ್ದೆ. ರೇಮಂಡ್ ಆಗ ‘ದಿಸ್ ಮಾರ್ಟಲ್ ಕಾಯಿಲ್’ ಎಂಬ ಬೇರೊಂದು ಸಂಗೀತ ಯೋಜನೆಯ ಕೆಲಸದಲ್ಲಿದ್ದ. ಮತ್ತೆ ಕುರ್ಚಿ ಖಾಲಿ, ಮತ್ತೆ ಅವರಿಬ್ಬರೇ. ಈ ಸಲ ಗೋಡೆ ಕಟ್ಟಲಿಲ್ಲ, ಇದ್ದದ್ದನ್ನೂ ಕೆಡವಿದರು. ಡ್ರಮ್ ಮಷೀನನ್ನು ಬಹುಮಟ್ಟಿಗೆ ಬದಿಗಿಟ್ಟರು, ಬಾಸನ್ನೂ ಬಿಟ್ಟರು. ಉಳಿದದ್ದು ಮುಖ್ಯವಾಗಿ ಗಿಟಾರು ಮತ್ತು ಕಂಠ. ಹೆಸರು ಅಂಟಾರ್ಕ್ಟಿಕಾದ ಒಂದು ಭಾಗದ್ದು, ನಾದವೂ ಹಾಗೇ, ಎತ್ತ ನೋಡಿದರೂ ಬಯಲು. ಸುಮಾರು ಅರ್ಧ ಗಂಟೆಯಷ್ಟೇ ಇರುವ ಈ ಎಲ್‌ಪಿಯನ್ನು ಎಲ್‌ಪಿಗಳ ವಾಡಿಕೆಯ 33 ಬಿಟ್ಟು ನಿಮಿಷಕ್ಕೆ 45 ಸುತ್ತಿನ ವೇಗಕ್ಕೆ ಕೊರೆದಿದ್ದರು. ಗೊತ್ತಿಲ್ಲದೆ 33ಕ್ಕೆ ಹಾಕಿದವರು ಫ್ರೇಜರ್ ಬದಲು ಯಾರೋ ಗಂಡಸು ತೂಕಡಿಸುತ್ತ ಹಾಡುವುದನ್ನು ಕೇಳಿರುತ್ತಾರೆ! ಇನ್ನೊಂದು, ಅದರಲ್ಲಿ ತಬಲಾ ಇದೆ. ‘ಡಿಫ್ ಜುಜ್’ ಬ್ಯಾಂಡಿನ ರಿಚರ್ಡ್ ಥಾಮಸ್ ಸ್ಯಾಕ್ಸೊಫೋನ್ ಜೊತೆಗೆ ತಬಲಾವನ್ನೂ ನುಡಿಸಿದ್ದಾನೆ. ಕನ್ನಡದಲ್ಲಿ ಕೂತು ಈ ಆಲ್ಬಮ್ ಬಗ್ಗೆ ಬರೆಯುವವರು ಅದನ್ನು ಬಿಟ್ಟರೆ ಹೇಗೆ? ಮಷೀನ್ ಬಿಟ್ಟವರು ತಾಳಕ್ಕೆ ಅದನ್ನೇ ಯಾಕೆ ತಂದರು, ಅದು ತಾಳ ಹಿಡಿಯುತ್ತದೋ ಬರೀ ಬಣ್ಣವಾಗಿ ಉಳಿಯುತ್ತದೋ, ಕೇಳಿ ಬರೆಯಿರಿ.

ಫ್ರೇಜರ್ ‘ಅರ್ಥವಿಲ್ಲದ ಭಾಷೆಯಲ್ಲಿ’ ಹಾಡುತ್ತಾಳೆ ಎಂದು ಬೆರಗುಪಟ್ಟಿದ್ದೀರಿ. ಧಾರವಾಡದವರು ನೀವು. ತರಾನ ಕೇಳಿ ಬೆಳೆದ ಕಿವಿಗೆ ಇದರಲ್ಲಿ ಬೆರಗೇನು ಬಂತು? ಆದರೆ ಹೋಲಿಕೆಯನ್ನು ಅಲ್ಲಿಗೇ ಬಿಡಬೇಡಿ, ವ್ಯತ್ಯಾಸದಲ್ಲೇ ಸ್ವಾರಸ್ಯವಿದೆ. ತರಾನದ ‘ದೀಂ ತನನ’ ಎಲ್ಲ ಗಾಯಕರೂ ಹಂಚಿಕೊಂಡ ಆಸ್ತಿ. ಫ್ರೇಜರ್ ತನಗೆ ತಿಳಿಯದ ಭಾಷೆಗಳ ಪುಸ್ತಕ, ನಿಘಂಟುಗಳಿಂದ ಶಬ್ದಗಳನ್ನು ಅವುಗಳ ನಾದಕ್ಕಾಗಿ ಆರಿಸಿ ತರುತ್ತಿದ್ದಳು. ಅಂದರೆ ಅವು ಎಲ್ಲೋ ಯಾರಿಗೋ ಅರ್ಥವಿದ್ದ ಶಬ್ದಗಳು, ಇವಳ ಬಾಯಿಗೆ ಬರುವಾಗ ಅರ್ಥ ಕಳಚಿಕೊಂಡಿವೆ.

ಮೂರನೇ ಪುಟವಿಡೀ ಗಥ್ರಿ–ಫ್ರೇಜರ್ ಸಂಸಾರದ ಜಗಳ. ಕತ್ತರಿಸಿ. ನಾದಕ್ಕೆ ಸಂಬಂಧಪಟ್ಟದ್ದಷ್ಟೇ ಉಳಿಯಲಿ. 1988ರ ‘ಬ್ಲೂ ಬೆಲ್ ನೋಲ್’ ಹೊತ್ತಿಗೆ ರೆಕಾರ್ಡಿಂಗ್ ಪೂರ್ತಿ ಅವರ ಕೈಗೇ ಬಂದಿತ್ತು. ಆಮೇಲೆ ಲಂಡನ್ನಿನ ಟ್ವಿಕನ್‌ಹ್ಯಾಮಿನಲ್ಲಿ ಅವರದೇ ಸೆಪ್ಟೆಂಬರ್ ಸೌಂಡ್ ಸ್ಟುಡಿಯೊ. 1989ರಲ್ಲಿ ಗಥ್ರಿ–ಫ್ರೇಜರ್ ಜೋಡಿಗೆ ಮಗಳು ಹುಟ್ಟಿದಳು. ಇದೇ ಸುಮಾರಿಗೆ ರೇಮಂಡ್‌ನ ತಂದೆ, ಸಂಗೀತ ಸಂಯೋಜಕ ಐವರ್ ರೇಮಂಡ್ ತೀರಿಕೊಂಡರು. ಗಥ್ರಿ ಕೊಕೇನ್ ಚಟದಲ್ಲಿ ಮುಳುಗಿದ್ದ. ತೊಟ್ಟಿಲು, ಸಾವು, ಚಟ, ಇಷ್ಟರ ನಡುವೆ 1990ರ ‘ಹೆವೆನ್ ಆರ್ ಲಾಸ್ ವೇಗಸ್’ ಬಂತು. ಇವರು ಮಾಡಿದ್ದರಲ್ಲೇ ಅತಿ ಬೆಳಕಿನ ಆಲ್ಬಮ್ ಅದು, ಶಬ್ದಗಳೂ ಅಲ್ಲಲ್ಲಿ ತಿಳಿಯುವ ಹಾಗೆ ಮೇಲೆ ಬಂದವು. ಈ ವಿರೋಧವನ್ನು ಬಿಡಿಸಿ ಹೇಳಲು ಹೋಗಬೇಡಿ, ಅಕ್ಕಪಕ್ಕ ಇಟ್ಟುಬಿಡಿ. ಕೊನೆಯ ಎರಡು ಆಲ್ಬಮ್‌ಗಳಿಗೆ ಒಂದು ಪ್ಯಾರಾ ಸಾಕು. ನನಗೆ ಅವು ಅಷ್ಟಾಗಿ ಹಿಡಿಸಿಲ್ಲ, ಆದರೆ ನನ್ನ ಮಾತಿಗೆ ತಲೆಯಾಡಿಸಬೇಕಿಲ್ಲ. 1997ರಲ್ಲಿ ಎಲ್ಲ ಕುರ್ಚಿಗಳೂ ಖಾಲಿಯಾದವು.

ಇನ್ನು, ಈ ಪತ್ರ ಬರೆಯಲು ಕಾರಣವಾದ ಆರು ಸಾಲು. ನಾಲ್ಕನೇ ಪುಟದ ತಳದಲ್ಲಿ, ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಇಯರ್‌ಫೋನಿನ ಬಲಗಡೆ ಸತ್ತುಹೋಗಿ, ನಿಮಗೆ ಚೆನ್ನಾಗಿ ಗೊತ್ತಿದ್ದ ಹಾಡಿನಲ್ಲಿ ಅರ್ಧ ಗಿಟಾರು ಮಾಯವಾಯಿತು ಎಂದು ಬರೆದಿದ್ದೀರಿ. ಅಲ್ಲಿ ಒಂದೂ ವಿಶೇಷಣವಿಲ್ಲ. ಅಲ್ಲಿ ನೀವು ಕೇಳುತ್ತಿದ್ದೀರಿ, ಬೇರೆ ಕಡೆ ಬರೀ ಮೆಚ್ಚುತ್ತಿದ್ದೀರಿ. ಅದನ್ನು ಮೊದಲ ಪ್ಯಾರಾ ಮಾಡಿ.

ಸಾವಿರದ ಇನ್ನೂರು ಪದ ಮೀರದಿರಲಿ, ಬರುವ ತಿಂಗಳ ಹತ್ತರೊಳಗೆ ಕಳಿಸಿ. ಆ ಇಯರ್‌ಫೋನ್ ಇನ್ನೂ ಇದ್ದರೆ ಎಸೆಯಬೇಡಿ. ‘ವಿಕ್ಟೋರಿಯಾಲ್ಯಾಂಡ್’ ಅನ್ನು ಒಮ್ಮೆ ಅದರಲ್ಲಿ, ಒಮ್ಮೆ ಸರಿಯಿರುವುದರಲ್ಲಿ ಕೇಳಿ, ಬಲಗಡೆ ಏನೇನು ಇತ್ತು ಅಂತ ಪಟ್ಟಿ ಮಾಡಿ ಲೇಖನದ ಜೊತೆಗೆ ನನಗೂ ಕಳಿಸಿ.

ಇಂತಿ,
ಸಂಪಾದಕ