ಓದುಗರ ಪ್ರಶ್ನೆ, ವೈದ್ಯರ ಉತ್ತರ: ಉಗುರಿನಡಿಯ ನೋವು

ಪ್ರಶ್ನೆ: ನನಗೆ 42 ವರ್ಷ. ಬಲಗೈ ಉಂಗುರಬೆರಳಿನ ಉಗುರಿನಡಿ ಮೂರು ವರ್ಷದಿಂದ ವಿಪರೀತ ನೋವು. ತಣ್ಣೀರಿನಲ್ಲಿ ಅಕ್ಕಿ ತೊಳೆದರೆ, ಉಗುರಿಗೆ ಏನಾದರೂ ತಾಗಿದರೆ ಜೀವ ಹೋದಂತಾಗುತ್ತದೆ. ಉಗುರುಸುತ್ತೆಂದು ನಿಂಬೆಹಣ್ಣು ಸಿಕ್ಕಿಸಿದ್ದಾಯಿತು, ಕುತ್ತಿಗೆಯ ನರವೆಂದು ಮಾತ್ರೆ ನುಂಗಿದ್ದಾಯಿತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಈಗ ಒಬ್ಬ ವೈದ್ಯರು ಗ್ಲೋಮಸ್ ಗೆಡ್ಡೆ ಇರಬಹುದು ಎನ್ನುತ್ತಾರೆ. ಇದು ಕ್ಯಾನ್ಸರೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ವೈದ್ಯರ ಅನುಮಾನಕ್ಕೆ ಬಲವಾದ ಆಧಾರವಿದೆ. ತಡೆಯಲಾರದ ನೋವು, ಒಂದೇ ಬಿಂದುವಿನಲ್ಲಿ ಮುಟ್ಟಿಸಿಕೊಳ್ಳಲಾಗದಂತಹ ಸೂಕ್ಷ್ಮತೆ, ತಂಪು ತಾಗಿದರೆ ಹೆಚ್ಚುವುದು, ಈ ಮೂರೂ ಕೂಡಿದರೆ ಮೊದಲು ನೆನಪಾಗಬೇಕಾದದ್ದು ಇದೇ ಗೆಡ್ಡೆ. ಚರ್ಮದಲ್ಲಿ ರಕ್ತದ ಹರಿವನ್ನು ಹೆಚ್ಚುಕಡಿಮೆ ಮಾಡಿ ದೇಹದ ಶಾಖವನ್ನು ಹದದಲ್ಲಿಡುವ ಗ್ಲೋಮಸ್ ಎಂಬ ಪುಟ್ಟ ರಚನೆಗಳು ಬೆರಳ ತುದಿಯಲ್ಲಿ ಹೇರಳವಾಗಿದ್ದು, ಅವುಗಳ ಜೀವಕೋಶಗಳು ಬೆಳೆದು ಗೆಡ್ಡೆಯಾಗುತ್ತವೆ. ಉಗುರಿನಡಿಯ ಗೆಡ್ಡೆ ನಡುವಯಸ್ಸಿನ ಮಹಿಳೆಯರಲ್ಲಿ ಹೆಚ್ಚು. ಇದು ಬಹುಪಾಲು ಕ್ಯಾನ್ಸರಲ್ಲ. ಕ್ಯಾನ್ಸರ್ ಸ್ವರೂಪದ್ದು ತೀರಾ ಅಪರೂಪ.

ಕೆಲವೇ ಮಿಲಿಮೀಟರ್ ಗಾತ್ರದ ಈ ಗೆಡ್ಡೆ ಆರಂಭದಲ್ಲಿ ಎಕ್ಸ್‌ರೇಗೆ ಸಿಗುವುದಿಲ್ಲ. ಮೂಳೆಯನ್ನು ಒತ್ತಿ ಗುಳಿ ಮಾಡಿದ ಮೇಲಷ್ಟೇ ಕೆಲವರಲ್ಲಿ ಗುರುತು ಸಿಗುತ್ತದೆ. ಹೀಗಾಗಿ ಎಷ್ಟೋ ಮಹಿಳೆಯರು 'ಎಲ್ಲ ನಿಮ್ಮ ಮನಸ್ಸಿನದು' ಎಂಬ ಮಾತು ಕೇಳಿಸಿಕೊಂಡೇ ವರ್ಷಗಳನ್ನು ಕಳೆಯುತ್ತಾರೆ, ಇದು ಅನ್ಯಾಯ. ಗುಂಡುಸೂಜಿಯ ತಲೆಯಿಂದ ಉಗುರಿನ ಮೇಲೆ ಅಲ್ಲಲ್ಲಿ ಒತ್ತಿ ನೋಡಿದಾಗ ಒಂದೇ ಜಾಗದಲ್ಲಿ ರೋಗಿ ಕೈ ಎಳೆದುಕೊಳ್ಳುತ್ತಾರೆ. ರಕ್ತದೊತ್ತಡದ ಪಟ್ಟಿಯನ್ನು ತೋಳಿಗೆ ಕಟ್ಟಿ ಗಾಳಿ ತುಂಬಿ ರಕ್ತ ಸಂಚಾರ ತಡೆದು ಅದೇ ಜಾಗ ಒತ್ತಿದರೆ ನೋವು ಮಾಯವಾಗಿರುತ್ತದೆ. ಇಷ್ಟು ಸುಲಭದ ಪರೀಕ್ಷೆಗೆ ಯಂತ್ರ ಬೇಕಿಲ್ಲ. ಜಾಗ ಖಚಿತಪಡಿಸಿಕೊಳ್ಳಲು ಎಂಆರ್‌ಐ ನೆರವಾಗುತ್ತದೆ.

ಮಾತ್ರೆ, ಮುಲಾಮುಗಳಿಂದ ಗೆಡ್ಡೆ ಕರಗುವುದಿಲ್ಲ. ಬೆರಳಿಗೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಉಗುರನ್ನು ಎತ್ತಿ ಗೆಡ್ಡೆಯನ್ನು ಪೂರ್ತಿ ತೆಗೆಯುವುದೇ ಚಿಕಿತ್ಸೆ. ಚೂರು ಉಳಿದರೆ ಮತ್ತೆ ಬೆಳೆಯಬಹುದು. ಉಗುರು ಸ್ವಲ್ಪ ಸೊಟ್ಟಗಾಗುವ ಸಾಧ್ಯತೆಯೂ ಉಂಟು. ತೆಗೆದದ್ದನ್ನು ಬಯಾಪ್ಸಿಗೆ ಕಳಿಸಲೇಬೇಕು. ನಿಮ್ಮ ಊರಿನಲ್ಲೇ ಎರಡು ವೈದ್ಯಕೀಯ ಕಾಲೇಜುಗಳಿರುವುದರಿಂದ ಬೆಂಗಳೂರಿಗೆ ಓಡುವ ಮೊದಲು ಅಲ್ಲಿನ ಮೂಳೆ ಅಥವಾ ಪ್ಲಾಸ್ಟಿಕ್ ಸರ್ಜರಿ ವಿಭಾಗದಲ್ಲಿ ತೋರಿಸಿ. ಒಂದಕ್ಕಿಂತ ಹೆಚ್ಚು ಬೆರಳುಗಳಲ್ಲಿ ಇಂಥದೇ ನೋವಿದ್ದರೆ, ಮೈಮೇಲೆ ಕಾಫಿ ಬಣ್ಣದ ಮಚ್ಚೆಗಳು ಹಲವು ಇದ್ದರೆ ಅದನ್ನೂ ತಪ್ಪದೆ ತಿಳಿಸಿ. ನ್ಯೂರೋಫೈಬ್ರೊಮಾಟೋಸಿಸ್ ಎಂಬ ವಂಶವಾಹಿ ಕಾಯಿಲೆಯಿದ್ದವರಲ್ಲಿ ಈ ಗೆಡ್ಡೆಗಳು ಹಲವು ಬೆರಳುಗಳಲ್ಲಿ ಏಳುವುದುಂಟು.